ಹನ್ನೊಂದು ಒಂದುಗಳನ್ನು ಭಾಗಿಸಿದ ತೂಕದ ಮಾಳಿಂಗಪ್ಪ

ಹತ್ತಿಯನ್ನು ನೋಡುವ ಹಾಗೆ ನೋಡಿದರೆ ಮಾಳಿಂಗಪ್ಪ ಎರಡನೇ ದರ್ಜೆಯ ಮಾಲು. ಬಣ್ಣ ಕಮ್ಮಿ, ಎಳೆ ಉದ್ದ, ಬೀಜ ಜಾಸ್ತಿ. ಮಳೆಯಲ್ಲಿ ನೆನೆದು ತೊಪ್ಪೆಯಾದರೂ ನಾಲ್ಕೂವರೆ ಮಣ ದಾಟದ ಮೈ. ಹಿಡಿ ಬಿಚ್ಚಿ ನೋಡಿದರೆ ಒಳಗೆ ಕಸವಿಲ್ಲ, ಅದು ನಿಜ. ಆದರೆ ಕಸವಿಲ್ಲದ ಹತ್ತಿಯನ್ನು ಮಾರುವುದು ಎಷ್ಟು ಕಷ್ಟವೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ಚೌಕಾಶಿಗೆ ಏನೂ ಸಿಗದೆ ಕೊಳ್ಳುವವನಿಗೆ ಸಿಟ್ಟು ಬರುತ್ತದೆ. ನಾನು ಅವನನ್ನು ಹದಿನೈದು ವರ್ಷದಿಂದ ಬಲ್ಲೆ. ಮೆಚ್ಚಿಕೊಂಡಿದ್ದು ಮೊದಲ ಆರು ವರ್ಷ, ಅದೂ ಅವನು ತಕ್ಕಡಿಯ ಹತ್ತಿರ ನಿಂತಿದ್ದಾಗ ಮಾತ್ರ.

೧೯೫೧ರಲ್ಲಿ ಅವನು ನಂದಿಗುಡಿಯಿಂದ ದಾವಣಗೆರೆಗೆ ಬಂದ. ಊರಲ್ಲಿ ಇದ್ದ ಭತ್ತದ ಗದ್ದೆ ಐದು ಜನ ಅಣ್ಣತಮ್ಮಂದಿರಿಗೆ ಸಾಲುತ್ತಿರಲಿಲ್ಲ, ಮಿಡ್ಲ್ ಸ್ಕೂಲು ಅರ್ಧಕ್ಕೆ ನಿಂತಿತ್ತು. ಚೌಕಿಪೇಟೆಯ ನಮ್ಮ ಹತ್ತಿ ಮಂಡಿಯಲ್ಲಿ ತೂಕದವನು ಬೇಕಾಗಿದ್ದ, ಇಟ್ಟುಕೊಂಡೆ. ತೂಕದ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಒಂದು ಕಡೆ ರೈತ ನಿಂತಿರುತ್ತಾನೆ, ಇನ್ನೊಂದು ಕಡೆ ಖರೀದಿದಾರ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಹತ್ತಿ ತುಂಬಿದ ಅಂಡಿಗೆಯನ್ನು ಹಮಾಲರು ತಕ್ಕಡಿಗೆ ಏರಿಸಿದ ಮೇಲೆ ತೂಕದವನು ಎಷ್ಟು ಕೂಗುತ್ತಾನೋ ಅಷ್ಟು. ಅವನಿಗೆ ಹೊಲವಿಲ್ಲ, ಅಂಗಡಿಯಿಲ್ಲ, ಅವನ ಆಸ್ತಿಯೆಲ್ಲ ಅವನ ಬಾಯಿ. ಅವನು ಕೂಗಿದ್ದನ್ನು ಎರಡೂ ಕಡೆಯವರು ನಂಬಿದರೆ ಊಟ, ನಂಬದಿದ್ದರೆ ಇಲ್ಲ. ಮಾಳಿಂಗಪ್ಪ ಕೂಗಿದ್ದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಅವನ ಚಟವೊಂದೇ ಸಹಿಸಲಾಗದ್ದು. ಕಣ್ಣಿಗೆ ಬಿದ್ದ ಯಾವ ಸಂಖ್ಯೆಯನ್ನೂ ಇಡಿಯಾಗಿ ಬಿಡುತ್ತಿರಲಿಲ್ಲ. ಲಾರಿ ನಂಬರು, ರೈಲು ವ್ಯಾಗನ್ನಿನ ನಂಬರು, ಚೀಲದ ಮೇಲಿನ ಗುರುತು, ಎಲ್ಲವನ್ನೂ ಒಡೆದು ತುಂಡು ಮಾಡಬೇಕು. ಇನ್ನೂರಾ ಇಪ್ಪತ್ತೊಂದು ಎಂದು ತೂಕ ಕೂಗಿ, ಉಸಿರು ಬಿಡದೆ "ಹದಿಮೂರ ಹದಿನೇಳ್ಲೆ" ಎಂದು ಸೇರಿಸುತ್ತಿದ್ದ.

"ಅದರಿಂದ ನಂಗೇನು ಬಂತೋ?" ಎಂದು ಒಬ್ಬ ರೈತ ಕೇಳಿದ.

"ನಿಂಗೇನೂ ಇಲ್ಲ ಯಜಮಾನ. ನಂಬರಿನ ಹೊಟ್ಟ್ಯಾಗೆ ಏನೈತೆ ಅಂತ ನಂಗೆ ಗೊತ್ತಾತು."

"ನನ್ನ ಹೊಟ್ಟ್ಯಾಗೆ ಏನೂ ಇಲ್ಲ, ಬೆಳಿಗ್ಗೆಯಿಂದ ನಿಂತೀನಿ. ಚೀಟಿ ಬರಿ."

ಇನ್ನು ನಮ್ಮ ಮಂಡಿಯ ಗೋಡೆಯ ವಿಷಯ ಹೇಳಬೇಕು, ಜಗಳವೆಲ್ಲ ಅಲ್ಲಿಂದಲೇ. ನಮ್ಮ ಕಡೆ ಮದುವೆಗೆ ಮುಯ್ಯಿ ಹಾಕುವವರು ಹತ್ತು ಕೊಡುವುದಿಲ್ಲ, ಹನ್ನೊಂದು ಕೊಡುತ್ತಾರೆ. ನೂರಲ್ಲ, ನೂರಾ ಒಂದು. ಕೊನೆಯಲ್ಲಿ ಒಂದು ನಿಂತಿದ್ದರೆ ಸಮಪಾಲಾಗುವುದಿಲ್ಲ, ಸಂಬಂಧ ಹರಿಯುವುದಿಲ್ಲ ಎಂಬ ನಂಬಿಕೆ. ನಮ್ಮಪ್ಪ ಯಾವುದನ್ನೂ ಚಿಲ್ಲರೆಯಾಗಿ ಕೊಂಡವರಲ್ಲ. ಒಂದು ಒಂದಕ್ಕೆ ಇಷ್ಟು ಬಲವಿದ್ದರೆ ಸಾಲಾಗಿ ಒಂದುಗಳನ್ನೇ ನಿಲ್ಲಿಸಿದರೆ ಹೇಗೆ ಎಂದು ಯೋಚಿಸಿದರು. ಹನ್ನೆರಡು ಒಂದು ಬರೆದರು, ಮೂರರಿಂದ ಭಾಗವಾಯಿತು. ಹತ್ತು ಬರೆದರು, ಹನ್ನೊಂದರಿಂದ ಹೋಯಿತು. ಹನ್ನೊಂದು ಬರೆದರು; ಅದು ಜಪ್ಪಯ್ಯ ಅನ್ನಲಿಲ್ಲ. ಒಂದು ಶ್ರಾವಣ ಪೂರ್ತಿ ಕೂತು ಎರಡರಿಂದ ನೂರರವರೆಗೆ ಒಂದೊಂದರಿಂದಲೂ ಭಾಗಿಸಿದರು. ಪ್ರತಿ ಸಲವೂ ಏನಾದರೊಂದು ಶೇಷ ಉಳಿಯಿತು. ನೂರು ಸಾಕು ಎಂದರು. ನೂರು ಅಂಡಿಗೆಯಲ್ಲಿ ಕಸ ಸಿಗದ ಮೇಲೆ ನೂರಾ ಒಂದನೆಯದನ್ನು ಯಾವ ವ್ಯಾಪಾರಿಯೂ ಬಿಚ್ಚುವುದಿಲ್ಲ.

ಗಾದಿಯ ಮೇಲಿನ ಗೋಡೆಗೆ ಕೆಂಪು ಬಣ್ಣದಲ್ಲಿ ೧೧೧೧೧೧೧೧೧೧೧ ಎಂದು ಬರೆಸಿದರು. ಬಾಯಲ್ಲಿ ಹೇಳಬೇಕೆಂದರೆ ಸಾವಿರದ ನೂರಾ ಹನ್ನೊಂದು ಕೋಟಿ ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು. ಪ್ರತಿ ದೀಪಾವಳಿಗೂ ಅದಕ್ಕೆ ಹೊಸ ಬಣ್ಣ. ೧೯೪೯ರಲ್ಲಿ ಸಾಯುವಾಗ ನನ್ನ ಕೈಯನ್ನೂ ನನ್ನ ತಮ್ಮ ಕೆಂಚವೀರಪ್ಪನ ಕೈಯನ್ನೂ ಹಿಡಿದುಕೊಂಡು ಹೇಳಿದರು: "ಆ ನಂಬರನ್ನ ಶೇಷ ಇಲ್ಲದಂಗೆ ಯಾವನಾದ್ರೂ ಭಾಗ ಮಾಡಿದ ದಿನ ನೀವೂ ಭಾಗ ಆಗ್ರಿ. ಅಲ್ಲೀ ತನಕ ಒಂದೇ ಮಂಡಿ, ಒಂದೇ ಒಲೆ." ಒಂದರಿಂದ ಭಾಗಿಸುವುದು, ಅದನ್ನು ಅದರಿಂದಲೇ ಭಾಗಿಸುವುದು ನಡೆಯುವುದಿಲ್ಲ ಎಂದೂ ಸೇರಿಸಿದರು. ಉಸಿರು ಕಟ್ಟಿದ್ದರೂ ಕರಾರಿನಲ್ಲಿ ತೂತು ಬಿಡುವ ಪೈಕಿಯಲ್ಲ. ನಮ್ಮವ್ವ ಅಕ್ಕನಾಗಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

ಗಾದಿಯ ಮೇಲೆ ಕೂರುವ ಹಿರಿಯ ಮಗ ನಾನು, ನನಗೆ ಈ ಕರಾರು ಒಪ್ಪಿತವಾಗಿತ್ತು. ಕೆಂಚವೀರಪ್ಪನಿಗೆ ಹರಿಹರದಲ್ಲಿ ಸ್ವಂತದ ಜಿನ್ನಿಂಗ್ ಫ್ಯಾಕ್ಟರಿ ಹಾಕುವ ಆಸೆ. ಅವನಿಗೆ ಅದು ಗಂಟಲ ಮುಳ್ಳಾಗಿತ್ತು.

೧೯೫೭ರ ಬೇಸಿಗೆ. (ಹತ್ತೊಂಬತ್ತ ನೂರಾ ಮೂರ್ಲೆ ಎಂದು ಆ ವರ್ಷವನ್ನೂ ಮಾಳಿಂಗಪ್ಪ ಬಿಟ್ಟಿರಲಿಲ್ಲ.) ವ್ಯಾಪಾರವಿಲ್ಲದ ಒಂದು ಮಧ್ಯಾಹ್ನ ನನ್ನ ತಮ್ಮ ಅವನನ್ನು ಕೆಣಕಿದ: "ಲಾರಿ ನಂಬರು ಒಡೆಯೋದ್ರಾಗೆ ಏನು ಶಾಣ್ಯಾತನಲೇ? ತಲೆ ಮ್ಯಾಲಿರೋದನ್ನ ಒಡಿ ನೋಡಾನ."

ಮಾಳಿಂಗಪ್ಪ ತಲೆಯೆತ್ತಿದ. ಆರು ವರ್ಷ ಆ ಗೋಡೆಯ ಕೆಳಗೇ ನಿಂತಿದ್ದವನು. ದೇವರ ಪಟವೆಂದು ಕೈಮುಗಿದಿದ್ದನೇ ಹೊರತು ಸಂಖ್ಯೆಯೆಂದು ಓದಿರಲಿಲ್ಲ. ಈಗ ಓದಿದ. ನಾನು ನಕ್ಕು, "ನೂರರ ತನಕ ನಮ್ಮಪ್ಪಾರು ನೋಡ್ಯಾರೆ. ಮುಂದೆ ನೀನು ನೋಡು" ಎಂದೆ. ನಾನು ನಗುತ್ತಾ ಮಾಡಿದ ವ್ಯವಹಾರಗಳಲ್ಲೆಲ್ಲ ನಷ್ಟದ್ದು ಅದೊಂದೇ.

ಮೂರು ತಿಂಗಳ ನಂತರ ಅವನು ಗಾದಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಸಾವ್ಕಾರ್ರೆ, ಸಣ್ಣ ನಂಬರಿನಿಂದ ಶುರು ಮಾಡಿದೆ. ಐದು ಒಂದು ಬರೆದ್ರೆ ನಲವತ್ತೊಂದ್ಲೆ ಇನ್ನೂರ ಎಪ್ಪತ್ತೊಂದು ಆಗತೈತೆ. ಏಳು ಒಂದು ಬರೆದ್ರೆ ಇನ್ನೂರ ಮೂವತ್ತೊಂಬತ್ಲೆ ನಾಕು ಸಾವಿರದ ಆರನೂರ ನಲವತ್ತೊಂಬತ್ತು."

"ಅದಕ್ಕೆ?"

"ಆ ನಾಕು ನಂಬರಿನಾಗೂ ಒಂದೊಂದು ಕಳೀರಿ. ನಲವತ್ತು, ಇನ್ನೂರ ಎಪ್ಪತ್ತು, ಎರಡೂ ಐದರಾಗೆ ಹೋಗ್ತಾವೆ. ಇನ್ನೂರ ಮೂವತ್ತೆಂಟು, ನಾಕು ಸಾವಿರದ ಆರನೂರ ನಲವತ್ತೆಂಟು, ಎರಡೂ ಏಳರಾಗೆ ಹೋಗ್ತಾವೆ. ಅಂದ್ರೆ ಈ ಹನ್ನೊಂದು ಒಂದನ್ನ ಒಡೆಯೋ ನಂಬರಿನಾಗೆ ಒಂದು ಕಳೆದ್ರೆ ಅದು ಹನ್ನೊಂದರಾಗೆ ಹೋಗ್ಬೇಕು. ಸರಿಸಂಖ್ಯೆ ಹೆಂಗೂ ನಡೆಯಂಗಿಲ್ಲ. ಇಪ್ಪತ್ತಮೂರು, ನಲವತ್ತೈದು, ಅರವತ್ತೇಳು, ಎಂಬತ್ತೊಂಬತ್ತು, ಹಿಂಗೆ ಇಪ್ಪತ್ತೆರಡು ಇಪ್ಪತ್ತೆರಡು ಹಾರಿಕೊಂಡು ಹೋದ್ರಾತು. ನಡುವಿನವನ್ನ ಮುಟ್ಟೋದೇ ಬ್ಯಾಡ." ನಾಲ್ಕು ಬೆರಳು ಎತ್ತಿ ಹೇಳಿದ: "ನೂರರೊಳಗೆ ನಾಕೇ ನಂಬರು. ನಲವತ್ತೈದು ಐದರಾಗೆ ಬೀಳತೈತೆ, ಅದನ್ನೂ ಬಿಡ್ರಿ. ಮೂರು. ನಿಮ್ಮಪ್ಪಾರು ಪಾಪ ತೊಂಬತ್ತಾರು ಸಲ ಸುಮ್ಮನೆ ಭಾಗ ಮಾಡ್ಯಾರೆ."

ಸತ್ತ ತಂದೆಯ ಬಗ್ಗೆ 'ಪಾಪ' ಎನ್ನುವುದನ್ನು ಕೇಳಿಸಿಕೊಂಡು ಸುಮ್ಮನಿರಲು ನಾನು ಅವನ ಹಾಗೆ ಸಾಧುವಲ್ಲ.

"ಈ ಕಾನೂನು ನಿಂಗ್ಯಾರು ಹೇಳಿದ್ರು?"

"ಯಾರೂ ಇಲ್ರಿ. ಹಂಗೆ ಕಾಣತೈತೆ."

"ಎರಡು ಹಿಡಿ ಹತ್ತಿ ನೋಡಿ ಇಡೀ ಗಾಡಿಗೆ ದರ ಕಟ್ತೀಯೇನೋ?"

"ನಿಮ್ಮಪ್ಪಾರು ನೂರು ಹಿಡಿ ನೋಡಿ ಕಟ್ಯಾರಲ್ರಿ."

ಹಮಾಲರು ಬಾಯಿಗೆ ಟವೆಲ್ಲು ಅಡ್ಡ ಹಿಡಿದುಕೊಂಡರು. ಮಾರನೆಯ ದಿನವೇ ಅವನನ್ನು ಹರಿಹರಕ್ಕೆ ಹಾಕಿದೆ.

ಹರಿಹರದ ಸ್ಟೇಷನ್ನಿನ ಹಿಂದೆ ನಮ್ಮದೊಂದು ಗೋದಾಮು. ಅಲ್ಲಿ ಖಾಲಿ ಅಂಡಿಗೆಗಳ ರಾಶಿ ಬಿಟ್ಟರೆ ಮತ್ತೇನೂ ಇರಲಿಲ್ಲ. ತಕ್ಕಡಿ ಇಲ್ಲ, ರೈತರಿಲ್ಲ, ಇಲಿಗಳನ್ನು ಬಿಟ್ಟು ಬೇರೆ ಕಳ್ಳರೂ ಇಲ್ಲ. ಗೋಡೆಯಿಂದಲೂ ನನ್ನ ತಮ್ಮನಿಂದಲೂ ದೂರ ಇರಲಿ ಎಂದು ನನ್ನ ಲೆಕ್ಕಾಚಾರ. ಸಂಖ್ಯೆ ಒಡೆಯುವವನಿಗೆ ನೆರಳು, ಪುರುಸೊತ್ತು ಎರಡೇ ಬೇಕಾದದ್ದು ಎಂಬುದು ಆಗ ಹೊಳೆಯಲಿಲ್ಲ. ಎರಡನ್ನೂ ಸಂಬಳ ಕೊಟ್ಟು ನಾನೇ ಒದಗಿಸಿದೆ.

ಅವನ ಹೆಂಡತಿ ಹಂಪವ್ವ ದಾವಣಗೆರೆಯಲ್ಲೇ ಉಳಿದಿದ್ದಳು. ಒಂದು ವಾರ ಕಳೆದ ಮೇಲೆ ಮಂಡಿಗೆ ಬಂದು ಬಾಗಿಲಲ್ಲೇ ನಿಂತಳು. ಅಳಲು ಬಂದಿದ್ದಾಳೆ ಎಂದುಕೊಂಡೆ.

"ಹರಿಹರಕ್ಕೆ ಹಾಕಿದ್ದು ಚಲೋ ಆತು ಬಿಡ್ರಿ" ಎಂದಳು. "ಒಲೆ ಹಿಂದಿನ ಗ್ವಾಡೆ ತುಂಬ ಇದ್ದಿಲಾಗೆ ನಂಬರು. ರೊಟ್ಟಿ ತಟ್ಟೋಕೆ ಹಿಟ್ಟು ಹರವಿದ್ರೆ ಅದರ ಮ್ಯಾಲೂ ಬೆರಳಾಗೆ ಬರೀತಾನೆ. ನಂಗೇನು ಬ್ಯಾಸರಿಲ್ಲ. ಆದ್ರೆ ತಕ್ಕಡಿಯಿಂದ ತೆಗೆದ್ರು ಅಂದ್ರೆ ತೂಕದಾಗೆ ಏನೋ ಮಾಡ್ಯಾನೆ ಅಂತ ಮಂದಿ ಅಂತಾರೆ. ಅಂಥದ್ದೇನಿಲ್ಲ ಅಂತ ನೀವು ನಾಕು ಜನದಾಗೆ ಹೇಳ್ಬೇಕು. ಆ ಹೆಸರೊಂದು ಹೋದ್ರೆ ನಮ್ಮ ಮನೆಯಾತನ್ನ ಯಾರೂ ತಕ್ಕಡಿ ಹತ್ರ ಸೇರಿಸಂಗಿಲ್ಲ."

ಹೇಳುತ್ತೇನೆ ಎಂದೆ, ಹೇಳಿದೆ ಕೂಡ. ಆಗ ಅದು ಖರ್ಚಿಲ್ಲದ ಮಾತಾಗಿತ್ತು.

ಎರಡು ವರ್ಷ ಕಳೆಯಿತು. ತಮ್ಮ ವಾರಕ್ಕೊಮ್ಮೆ ಏನಾದರೂ ನೆವ ತೆಗೆದು ಹರಿಹರಕ್ಕೆ ಹೋಗಿಬರತೊಡಗಿದ. ನನಗೆ ನಿದ್ದೆ ಕಮ್ಮಿಯಾಯಿತು. ಕೊನೆಗೆ ನಾನೇ ರೈಲು ಹತ್ತಿದೆ. ಮಾಳಿಂಗಪ್ಪ ಅಂಡಿಗೆಗಳ ಮೇಲೆ ಕೂತು, ಸ್ಟೇಷನ್ನಿನಿಂದ ತಂದ ಹಳೆಯ ರಸೀದಿಗಳ ಬೆನ್ನಿಗೆ ಭಾಗಾಕಾರ ಮಾಡುತ್ತಿದ್ದ. ಅಂಥ ರಸೀದಿಗಳು ಆಳೆತ್ತರ ಪೇರಿಸಿದ್ದವು.

"ಎಲ್ಲಿಗೆ ಬಂತು?"

"ಹನ್ನೆರಡು ಸಾವಿರ ದಾಟೀನ್ರಿ. ಒಂದೊಂದನ್ನೂ ಮೂರು ಮೂರು ಸಲ ಮಾಡಿ ನೋಡೀನಿ, ಒಂದಕ್ಕೂ ಬಗ್ಗಿಲ್ಲ."

ನನಗೆ ಜೀವ ಬಂದಂತಾಯಿತು. "ನೋಡು ಮಾಳಿಂಗಪ್ಪ, ನಾಳೆಯೇ ದಾವಣಗೆರೆಗೆ ಬಾ. ದೊಡ್ಡ ತಕ್ಕಡಿ ನಿಂದು. ಈಗ ಕಿಲೋ ಬಂದೈತೆ, ಹೊಸ ಲೆಕ್ಕ, ನಿನ್ನಂಥವನೇ ಬೇಕು. ನಾಕು ಜನದ ಮುಂದೆ ಒಂದು ಮಾತು ಹೇಳಿಬಿಡು: ಈ ನಂಬರು ಒಡೆಯಂಗಿಲ್ಲ ಅಂತ."

"ಒಡೆದಿಲ್ಲ ಅಂತ ಹೇಳ್ತೀನ್ರಿ."

"ಒಡೆಯಂಗಿಲ್ಲ ಅನ್ನು."

"ಅದು ಬ್ಯಾರೆ ಮಾತಲ್ರಿ ಸಾವ್ಕಾರ್ರೆ. ನೋಡದೇ ಇರೋ ತೂಕ ಹೆಂಗೆ ಕೂಗ್ಲಿ?"

ಇಂಥವನಿಗೆ ದರ ಹೇಳುವುದೇ ಅವಮಾನ. ಬಂದ ರೈಲಿಗೇ ಹಿಂದಕ್ಕೆ ಬಂದೆ.

೧೯೬೦ರ ದೀಪಾವಳಿಯ ಪಾಡ್ಯದ ದಿನ ಮಂಡಿಯಲ್ಲಿ ಪೂಜೆ. ರೈತರು, ದಲಾಲರು, ಹಮಾಲರು ಸೇರಿ ನಲವತ್ತು ಜನ. ಗೋಡೆಗೆ ಹೊಸ ಬಣ್ಣ ಇನ್ನೂ ಹಸಿಯಾಗಿತ್ತು. ಬೆಳಗಿನ ಬಸ್ಸಿಗೆ ಮಾಳಿಂಗಪ್ಪ ಬಂದ. ಒಗೆದ ಅಂಗಿ, ಕೈಯಲ್ಲೊಂದು ಚೀಟಿ. ನೇರ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಒಳಗೆ ಬರ್ರಿ ಸಾವ್ಕಾರ್ರೆ, ಮೊದ್ಲು ನೀವೊಬ್ರೇ ನೋಡ್ರಿ" ಎಂದ.

ಜನ ನೋಡುತ್ತಿದ್ದರು. ತಮ್ಮ ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿದ್ದ. ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. "ಯಾಕ, ಕದ್ದ ಮಾಲೇನು? ಇಲ್ಲೇ ಕೂಗು" ಎಂದೆ.

ಅವನು ಕೂಗಿದ, ತೂಕ ಕೂಗುವ ದನಿಯಲ್ಲೇ. "ಇಪ್ಪತ್ತೊಂದು ಸಾವಿರದ ಆರನೂರ ನಲವತ್ತೊಂಬತ್ಲೆ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು. ಒಂಬೈನೂರ ಎಂಬತ್ನಾಕನೇ ಹಾರಿಕೆಗೆ ಸಿಕ್ತು. ಶೇಷ ಇಲ್ಲ."

ಗುಣಾಕಾರ ಸರಿಯೋ ತಪ್ಪೋ ನೋಡಲು ನಮ್ಮಪ್ಪ ಕಲಿಸಿದ ಒಂದು ತಾಳೆಯಿದೆ. ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಉಳಿಯುವ ತನಕ ಕೂಡಬೇಕು. ೨೧೬೪೯ ಕೂಡಿದರೆ ಇಪ್ಪತ್ತೆರಡು, ಅದನ್ನು ಕೂಡಿದರೆ ನಾಲ್ಕು. ೫೧೩೨೩೯ ಕೂಡಿದರೆ ಇಪ್ಪತ್ಮೂರು, ಅಂದರೆ ಐದು. ನಾಲ್ಕೈದ್ಲೆ ಇಪ್ಪತ್ತು, ಅಂದರೆ ಎರಡು. ಗೋಡೆಯ ಮೇಲಿನ ಹನ್ನೊಂದು ಒಂದು ಕೂಡಿದರೆ ಹನ್ನೊಂದು, ಅದೂ ಎರಡೇ. ಇಷ್ಟನ್ನೂ ಅವನು ಬಾಯಿ ಮುಚ್ಚುವುದರೊಳಗೆ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದೆ. ತಾಳೆ ತಪ್ಪಿದ್ದರೆ ಅಲ್ಲೇ ಅವನ ಮುಖಕ್ಕೆ ಹಿಡಿಯುತ್ತಿದ್ದೆ. ತಪ್ಪಲಿಲ್ಲ. ತಾಳೆ ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯೆಂದೇನೂ ಅಲ್ಲ, ಸರಿಯಿರಬಹುದು ಎಂದಷ್ಟೇ. ಆ ಸಂದಿಯಲ್ಲಿ ನಾನು ನುಸುಳಿಕೊಂಡೆ.

"ಎಷ್ಟು ಕೊಟ್ಟ ನನ್ನ ತಮ್ಮ?" ಎಂದೆ.

"ಏನ್ರಿ?"

"ವಾರವಾರ ಬರ್ತಿದ್ನಲ್ಲ, ಎಷ್ಟು ಕೊಟ್ಟ ಅಂತ. ರೊಕ್ಕ ತಿಂದು ಬಾಯಿಗೆ ಬಂದ ನಂಬರು ಕೂಗ್ತಾನೆ, ಕೇಳ್ರಪ್ಪ. ಇಂಥವನ ಕೂಗು ನಂಬಿ ನೀವು ಆರು ವರ್ಷ ಹತ್ತಿ ಹಾಕಿದ್ರಿ."

ಮಾಯಕೊಂಡದ ಒಬ್ಬ ರೈತ ತಾನು ಹಾಕಿದ ಅಂಡಿಗೆಗಳನ್ನು ಬೆರಳಲ್ಲಿ ಎಣಿಸತೊಡಗಿದ್ದನ್ನು ನಾನೇ ಕಂಡೆ. ಮಾಳಿಂಗಪ್ಪನೂ ಕಂಡ.

"ಗುಣಿಸಿ ನೋಡ್ರಿ ಸಾವ್ಕಾರ್ರೆ. ಅರ್ಧ ತಾಸಿನ ಕೆಲಸ."

"ಹಬ್ಬದ ದಿನ ನಿನ್ನ ಸುಳ್ಳು ಗುಣಿಸಾಕೆ ನಾನು ಕೂತಿಲ್ಲ. ನಾಳೆಯಿಂದ ಗೋದಾಮಿಗೂ ಬರಬ್ಯಾಡ."

ಅವನು ಚೀಟಿಯನ್ನು ಗಾದಿಯ ಅಂಚಿಗಿಟ್ಟು ಹೋದ. ಕೆಂಚವೀರಪ್ಪ ಕೂಗಾಡಿದ. ಅವನು ಕೂಗಾಡಿದಷ್ಟೂ ನನ್ನ ಮಾತು ನಿಜವೆಂದು ಜನಕ್ಕೆ ಕಂಡಿತು.

ಮರುದಿನ ಬೆಳಿಗ್ಗೆ ಮಂಡಿಯ ಕದ ಒಳಗಿನಿಂದ ಹಾಕಿಕೊಂಡು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುಣಿಸಿದೆ. ಕೊನೆಯ ಗೆರೆಯ ಕೆಳಗೆ ಬಲಗಡೆಯಿಂದ ಒಂದು, ಒಂದು, ಮತ್ತೊಂದು ಬರತೊಡಗಿದಾಗ, ಎಲ್ಲಾದರೂ ಒಂದು ಸೊನ್ನೆಯಾದರೂ ಬರಲಿ ಎಂದು ಬೇಡಿಕೊಂಡೆ. ಹನ್ನೊಂದೂ ಬಂದವು. ಮೇಲಿನದನ್ನು ಕೆಳಗೆ ಬರೆದು ಇನ್ನೊಮ್ಮೆ ಗುಣಿಸಿದೆ. ಆಗಲೂ ಹನ್ನೊಂದು. ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಅವ್ವ ಮನೆಯ ಕಡೆಯ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ಬಂತು?"

ಗಿರಾಕಿಗಳಿಗೆ ಹೇಳುವುದನ್ನು ಅವಳಿಗೆ ಹೇಳಲು ನನಗೆ ಯಾವತ್ತೂ ಬಂದಿಲ್ಲ. "ಹನ್ನೊಂದೂ ಬಂತು" ಎಂದೆ.

"ಹಂಗಾದ್ರೆ ಪಾಲು ಮಾಡ್ಕೊಳ್ರಿ. ನಿಮ್ಮಪ್ಪನ ಮಾತು ಅದು." ತಿರುಗಿ ಹೋಗುವಾಗ, "ಆ ಮನುಷ್ಯನ್ನ ಕರೆಸಿ ನಾಕು ಜನದಾಗೆ ಹೇಳು" ಎಂದಳು.

ಆಯಿತು ಎಂದೆ. ಪಾಲು ಮಾತ್ರ ಆಯಿತು.

ಯುಗಾದಿಯ ಹೊತ್ತಿಗೆ ಮಂಡಿ ಎರಡಾಯಿತು. ತಮ್ಮನ ಹಟಕ್ಕೆ ಪಾಲಾಯಿತು, ಆ ನಂಬರಿನ ಕಥೆ ಬರೀ ಲಂಚದ ಆಟ ಎಂದು ನಾನು ಪೇಟೆಯಲ್ಲಿ ಹೇಳಿಕೊಂಡು ಬಂದೆ. ಹನ್ನೊಂದು ಅಂಕಿಯ ಲೆಕ್ಕವನ್ನು ಕೂತು ಗುಣಿಸುವ ಪುರುಸೊತ್ತು ಚೌಕಿಪೇಟೆಯಲ್ಲಿ ಯಾರಿಗೂ ಇರಲಿಲ್ಲ, ನಂಬುವ ಪುರುಸೊತ್ತು ಎಲ್ಲರಿಗೂ ಇತ್ತು. ಮಾಳಿಂಗಪ್ಪ ಏಳೆಂಟು ಮಂಡಿಗಳ ಬಾಗಿಲಿಗೆ ಹೋದನಂತೆ. ಕೂಡ್ರಿ ಎಂದವರಿದ್ದರು, ನೀರು ಕೊಟ್ಟವರಿದ್ದರು. ತಕ್ಕಡಿ ಕೊಟ್ಟವರಿಲ್ಲ. ಕೆಂಚವೀರಪ್ಪ ಹರಿಹರದ ತನ್ನ ಹೊಸ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕದ ಕೆಲಸ ಕೊಡುತ್ತೇನೆಂದು ತಾನೇ ಕರೆದ. ಅದಕ್ಕೆ ಇವನು, "ನಿಮ್ಮ ತಕ್ಕಡಿ ಹತ್ರ ನಿಂತ್ರೆ ಅಣ್ಣಾರು ಅಂದಿದ್ದು ನಿಜ ಆಗತೈತ್ರಿ" ಎಂದನಂತೆ. ಇದನ್ನು ತಮ್ಮ ನನಗೆ ಹೇಳಿದ್ದು ಬೈಗುಳದ ಹಾಗೆ.

ಹೋದ ವರ್ಷ, ೧೯೬೫ರಲ್ಲಿ, ಕೆಲಸದ ಮೇಲೆ ಹರಿಹರಕ್ಕೆ ಹೋದಾಗ ಹೊಳೆಯ ಕಡೆಯ ಸೌದೆ ಡಿಪೋದಲ್ಲಿ ಅವನನ್ನು ಕಂಡೆ. ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು ಲಾರಿಯಿಂದ ಸೌದೆ ಇಳಿಸುತ್ತಿದ್ದ. ತಕ್ಕಡಿಯ ಹತ್ತಿರ ಬೇರೊಬ್ಬ ನಿಂತು ತೂಕ ಕೂಗುತ್ತಿದ್ದ, ಮುಳ್ಳು ನಿಲ್ಲುವ ಮೊದಲೇ. ಅದನ್ನು ಕಂಡು ನನಗೇ ಮೈ ಉರಿಯಿತು. ಮಾಳಿಂಗಪ್ಪ ಆ ಕಡೆ ನೋಡುತ್ತಲೇ ಇರಲಿಲ್ಲ.

"ಗುಣಿಸಿ ನೋಡಿದ್ರ್ಯಾ?" ಎಂದು ಕೇಳಿದ. ಐದು ವರ್ಷದ ಮೇಲೆ ಸಿಕ್ಕವನ ಮೊದಲ ಮಾತು ಅದು.

"ನೋಡ್ದೆ. ಸರಿ ಬಂತು. ನಿನ್ನ ಇಪ್ಪತ್ತೆರಡರ ಕ್ರಮಾನೂ ಸರಿಯಂತೆ. ಕಾಲೇಜಿನ ಒಬ್ಬ ಮೇಷ್ಟ್ರನ್ನ ಕೇಳಿದೆ. ಪರದೇಶದಾಗೆ ಯಾರೋ ಹಿಂದೆಯೇ ಸಾಧಿಸ್ಯಾರಂತೆ, ಐದು, ಏಳು, ಹನ್ನೊಂದು, ಇಂಥಾ ಎಲ್ಲಾ ನಂಬರಿಗೂ."

ಅವನು ಸೌದೆ ಕೆಳಗಿಟ್ಟ. "ಯಾಕ ಹಂಗೆ ಅಂತ ಹೇಳಿದ್ರಾ?"

"ಅದನ್ನ ಕೇಳಲಿಲ್ಲ."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ನನ್ನನ್ನು ಕೊಳೆತ ಹತ್ತಿ ನೋಡುವ ಹಾಗೆ ನೋಡಿದ. ನಾನು ಅವನನ್ನು ಸುಳ್ಳನೆಂದಾಗಲೂ ಹಾಗೆ ನೋಡಿರಲಿಲ್ಲ.

"ಆತು. ಸರಿ ಬಂತು ಅಂದ್ರಲ್ಲ, ಅದನ್ನ ಇಲ್ಲಿ ಸೌದೆಗೆ ಹೇಳಿದ್ರೆ ಏನು ಬಂತ್ರಿ? ಅವತ್ತು ನಲವತ್ತು ಮಂದಿ ಇದ್ರು."

"ಅದರಾಗೆ ಎಷ್ಟೋ ಜನ ಸತ್ತಾರೆ ಮಾಳಿಂಗಪ್ಪ."

"ಮೂರು ಜನ" ಎಂದ. "ಎಣಿಸೀನಿ." ಸೌದೆ ಎತ್ತಿಕೊಂಡು ಹೋದ, ಮತ್ತೆ ತಿರುಗಲಿಲ್ಲ.

ನನಗೆ ಇವತ್ತಿಗೂ ಅವನ ಮೇಲೆ ಪ್ರೀತಿಯಿಲ್ಲ. ನಮ್ಮ ಮನೆಯ ಒಲೆ ಎರಡಾದದ್ದು ಅವನಿಂದ, ಅದನ್ನು ನಾನು ಮರೆಯುವವನಲ್ಲ. ಇದನ್ನು ಬರೆದದ್ದರಿಂದ ಅವನಿಗೇನೂ ಸಂದಂತಲ್ಲ, ಅವತ್ತು ಮಂಡಿಯಲ್ಲಿದ್ದ ಜನ ಓದುವವರೂ ಅಲ್ಲ. ಮಾಳಿಂಗಪ್ಪನ ಲೆಕ್ಕ ಸರಿಯಿತ್ತು, ಅವನು ಯಾರಿಂದಲೂ ಏನೂ ತಿಂದಿರಲಿಲ್ಲ, ಅವತ್ತು ಸುಳ್ಳು ಹೇಳಿದವನು ನಾನು ಎಂದು ಉಳಿದ ಮೂವತ್ತೇಳು ಜನರ ಮುಂದೆ ನನ್ನ ಬಾಯಿಂದ ಹೇಳುವುದು ಅವನಿಗೆ ನಾನು ಕೊಡಬೇಕಾದ ಬಾಕಿ. ಇನ್ನೂ ಕೊಟ್ಟಿಲ್ಲ.